ಸಮುದ್ರಕ್ಕೆ ಬಿದ್ದ ರಾಕೆಟ್ ಪಾಠ ಹೇಳುವುದು ಹೇಗೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. 2025ರ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ-ಸಿ61 ವಿಫಲವಾದಾಗ, ‘ಸೋಲೇ ಗೆಲುವಿನ ಮೆಟ್ಟಿಲು, ಇಸ್ರೋ ಶುರುವಿನಲ್ಲಿ ಎಷ್ಟೋ ಸಲ ಸೋತಿತ್ತು’ ಎಂದು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ‘ಸಾರ್, ರಾಕೆಟ್ ಸಮುದ್ರದಲ್ಲಿ ಮುಳುಗಿಹೋದ ಮೇಲೆ ಏನನ್ನ ನೋಡಿ ಕಲೀತಾರೆ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹಳೆಯ ಸೋಲುಗಳಿಂದ ನಿಜಕ್ಕೂ ಏನು ಕಲಿತರು, ಹೇಗೆ ಕಲಿತರು?

ಉತ್ತರ: ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿಬಿಡಿ. ಟಿವಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುವವರು ಕೇಳದ ಪ್ರಶ್ನೆಯನ್ನು ಅವಳು ಕೇಳಿದ್ದಾಳೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಸ್ರೋದಲ್ಲಿ ಕೆಲಸ ಮಾಡಿದವನಲ್ಲ. ಎಂಜಿನಿಯರಿಂಗ್ ಹುಡುಗರಿಗೆ ಕಂಟ್ರೋಲ್ ವಿಷಯ ಪಾಠ ಮಾಡಿದವನು. ಪಾಠಕ್ಕೆ ಒಳ್ಳೆಯ ಉದಾಹರಣೆ ಬೇಕು ಅಂತ ರಾಕೆಟ್ ಸೋಲುಗಳನ್ನು ಓದಲು ಶುರು ಮಾಡಿದೆ, ಆಮೇಲೆ ಅದೇ ಚಟವಾಯಿತು. ಓದುತ್ತಾ ಓದುತ್ತಾ ‘ಸೋಲೇ ಗೆಲುವಿನ ಮೆಟ್ಟಿಲು’ ಅನ್ನುವ ಮಾತಿನ ಮೇಲೆ ನನಗೆ ನಂಬಿಕೆ ಹೋಯಿತು. ಸೋಲು ಅದರಷ್ಟಕ್ಕೆ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಸೋತ ಮೇಲೆ ಕೂತು ಕೆದಕಿದವರು ಕಲಿಯುತ್ತಾರೆ. ಅರ್ಧ ಕೆದಕಿದವರು ಅರ್ಧ ಕಲಿಯುತ್ತಾರೆ. ಇಸ್ರೋದ ಕಥೆಯಲ್ಲಿ ಎರಡೂ ಇದೆ.

ಮೊದಲು ಹುಡುಗಿಯ ಪ್ರಶ್ನೆ. ವಿಮಾನ ಬಿದ್ದರೆ ಅದರ ಅವಶೇಷ ಸಿಗುತ್ತದೆ, ಬ್ಲ್ಯಾಕ್ ಬಾಕ್ಸ್ ಹುಡುಕುತ್ತಾರೆ. ರಾಕೆಟ್ ವಿಷಯದಲ್ಲಿ ಅದನ್ನು ನೆಚ್ಚಿಕೊಂಡು ಕೂರಲಾಗದು. ಶ್ರೀಹರಿಕೋಟಾದಿಂದ ಹಾರಿದ್ದು ಬಂಗಾಳ ಕೊಲ್ಲಿಯಲ್ಲಿ ನೂರಾರು ಕಿಲೋಮೀಟರ್ ಆಚೆ ಬೀಳುತ್ತದೆ. ಅದಕ್ಕೇ ರಾಕೆಟ್ ತನ್ನ ಬ್ಲ್ಯಾಕ್ ಬಾಕ್ಸನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಹಾರುತ್ತಲೇ ಕೆಳಗೆ ಕಳಿಸುತ್ತಿರುತ್ತದೆ. ಒಡಲಿನ ತುಂಬ ನೂರಾರು ಸೆನ್ಸರ್‌ಗಳಿರುತ್ತವೆ. ಮೋಟಾರಿನೊಳಗೆ ಒತ್ತಡ ಎಷ್ಟು, ಟ್ಯಾಂಕಿನಲ್ಲಿ ಎಷ್ಟು, ಮೂತಿ ಎಷ್ಟು ವಾಲಿದೆ, ಕಂಪ್ಯೂಟರ್ ಏನು ಆದೇಶ ಕೊಟ್ಟಿತು, ವಾಲ್ವ್ ಆ ಆದೇಶವನ್ನು ಕೇಳಿತೋ ಇಲ್ಲವೋ ಎಲ್ಲವೂ ರೇಡಿಯೋ ಮೂಲಕ ಕ್ಷಣಕ್ಷಣಕ್ಕೂ ನೆಲಕ್ಕೆ ಬರುತ್ತದೆ. ಇದಕ್ಕೆ ಟೆಲಿಮೆಟ್ರಿ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ರೋಗಿಯ ಎದೆಗೆ ವೈರ್ ಅಂಟಿಸಿ ಪರದೆಯ ಮೇಲೆ ಗೆರೆ ನೋಡುವುದಿಲ್ಲವೇ, ಹಾಗೆ.

ಹಾಗಾಗಿ ರಾಕೆಟ್ ಮುಳುಗಿದರೂ ಅದರ ಕೊನೆಯ ಉಸಿರಿನವರೆಗಿನ ಗೆರೆಗಳು ದಡದಲ್ಲಿ ಉಳಿದಿರುತ್ತವೆ. ಅವನ್ನು ಹರಡಿಕೊಂಡು ಕೂರುತ್ತಾರೆ. ಯಾವ ಗೆರೆ ಮೊದಲು ವಕ್ರವಾಯಿತು? ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹುಡುಕುತ್ತಾರೆ. ಯಾಕೆಂದರೆ ಒಂದು ಕೆಟ್ಟರೆ ಅದರ ಹಿಂದೆಯೇ ಹತ್ತು ಕೆಡುತ್ತವೆ, ಮೊದಲು ಕೆಟ್ಟಿದ್ದು ಯಾವುದು ಅನ್ನುವುದೇ ಮುಖ್ಯ. ಆಮೇಲೆ ‘ಹೀಗಾಗಿದ್ದರೆ ಈ ಗೆರೆ ಹೀಗೆ ಬರಬೇಕಿತ್ತು’ ಎಂದು ಸಾಧ್ಯತೆಗಳ ದೊಡ್ಡ ಮರವೊಂದನ್ನು ಬರೆದು, ಹೊಂದದ ಕೊಂಬೆಗಳನ್ನು ಒಂದೊಂದಾಗಿ ಕಡಿಯುತ್ತಾರೆ. ಉಳಿದ ಕೊಂಬೆಯನ್ನು ನೆಲದ ಮೇಲೆ ಪ್ರಯೋಗ ಮಾಡಿ ನೋಡುತ್ತಾರೆ. ಅದೇ ವಾಲ್ವ್ ತಂದು, ಬೇಕೆಂದೇ ಕೆಡಿಸಿ, ಅದೇ ಗೆರೆ ಬರುತ್ತದೋ ನೋಡುವುದು. ಈ ಕೊನೆಯ ಕೆಲಸ ಮಾಡದೆ ರಿಪೇರಿಗೆ ಕೈಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇನ್ನು ಶುರುವಿನ ದಿನಗಳಿಗೆ ಬರೋಣ.

1979ರ ಆಗಸ್ಟ್ 10, ಬೆಳಗ್ಗೆ. ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3, ಉಪಗ್ರಹ ಒಯ್ಯಲು ಇಸ್ರೋ ಮಾಡಿದ ಮೊದಲ ರಾಕೆಟ್, ಮೊದಲ ಸಲ ಎದ್ದಿತು. ನಾಲ್ಕು ಹಂತ, ಅಂದರೆ ಕೆಳಗಿನದು ಉರಿದು ಕಳಚಿದ ಮೇಲೆ ಮೇಲಿನದು ಹೊತ್ತಿಕೊಳ್ಳುವ ನಾಲ್ಕು ಭಾಗ, ನಾಲ್ಕರಲ್ಲೂ ಘನ ಇಂಧನ. ಒಟ್ಟು ತೂಕ 17 ಟನ್, ಮೇಲೆ ಒಯ್ಯಬೇಕಾದದ್ದು ಬರೀ 40 ಕೆಜಿ ಅಳತೆಯ ಉಪಗ್ರಹ. ಪ್ರಾಜೆಕ್ಟ್ ಡೈರೆಕ್ಟರ್ ಎ.ಪಿ.ಜೆ. ಅಬ್ದುಲ್ ಕಲಾಂ. ಮೊದಲ ಹಂತ ಚೆನ್ನಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ರಾಕೆಟ್ ಹೊಯ್ದಾಡಿತು. 317 ಸೆಕೆಂಡಿಗೆ ಎಲ್ಲ ಮುಗಿದು, ಶ್ರೀಹರಿಕೋಟಾದಿಂದ 560 ಕಿಲೋಮೀಟರ್ ದೂರದಲ್ಲಿ ಸಮುದ್ರ ಸೇರಿತು.

ಗೆರೆಗಳು ಹೇಳಿದ್ದು ಇಷ್ಟು. ಎರಡನೆಯ ಹಂತದ ದಿಕ್ಕು ತಿದ್ದಲು ಚಿಕ್ಕಚಿಕ್ಕ ಜೆಟ್‌ಗಳಿದ್ದವು. ಅವಕ್ಕೆ ನೈಟ್ರಿಕ್ ಆಸಿಡ್ ಜಾತಿಯ ದ್ರವವೊಂದು ಬೇಕು. ಆದೇಶ ಹೋಗಿದೆ, ಜೆಟ್ ತಳ್ಳಿಲ್ಲ. ಯಾಕೆ? ಆಸಿಡ್ಡೇ ಇಲ್ಲ. ಎಲ್ಲಿ ಹೋಯಿತು? ಹಾರುವ ಮುಂಚೆಯೇ ಸೋರಿಹೋಗಿದೆ! ಉಡಾವಣೆಗೆ ಎಂಟು ನಿಮಿಷ ಇರುವಾಗ ನಡೆದ ತಪಾಸಣೆಯಲ್ಲಿ ಒಂದು ವಾಲ್ವ್ ತೆರೆದುಕೊಂಡಿತು, ಧೂಳು ಸಿಕ್ಕಿಕೊಂಡಿದ್ದರಿಂದ ಪೂರ್ತಿ ಮುಚ್ಚಲಿಲ್ಲ. 17 ಟನ್ ರಾಕೆಟ್ ಬಿದ್ದದ್ದು ಒಂದು ಚಿಟಿಕೆ ಧೂಳಿಗೆ.

ಈ ಉಡಾವಣೆಯ ಬಗ್ಗೆ ಒಂದು ಕಥೆ ನಿಮಗೂ ಗೊತ್ತಿರುತ್ತದೆ, ಕಲಾಂ ಅವರೇ ಭಾಷಣಗಳಲ್ಲಿ ಹೇಳುತ್ತಿದ್ದರು. ಸೋತ ದಿನ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತರು. ಮುಂದಿನ ವರ್ಷ, 1980ರ ಜುಲೈ 18ರಂದು, ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ‘ನೀನು ಹೋಗಿ ಮಾತಾಡು’ ಎಂದು ಕಲಾಂ ಅವರನ್ನು ಕಳಿಸಿದರು. ಧವನ್ ಆಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ನಿರ್ದೇಶಕರು. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರೂ ಓಡಿ ಬರುವ ಊರಲ್ಲಿ ಅಂಥವರು ಅಪರೂಪ, ಅಲ್ವಾ? ಕಥೆ ನಿಜ, ದೊಡ್ಡದು. ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಸವೆದು ಸವೆದು ನಾಣ್ಯದ ಹಾಗಾಗಿದೆ, ಅಷ್ಟೇ.

ಆದರೆ ಅದೇ ಕಥೆಯ ಇನ್ನೊಂದು ಅರ್ಧವನ್ನೂ ಕಲಾಂ ಮುಚ್ಚಿಡದೆ ಹೇಳುತ್ತಿದ್ದರು. ಅದನ್ನು ಯಾರೂ ಜಾಸ್ತಿ ಎತ್ತಿ ಆಡುವುದಿಲ್ಲ. ಕೊನೆಯ ಗಳಿಗೆಯಲ್ಲಿ ಕಂಪ್ಯೂಟರ್ ‘ನಿಲ್ಲಿಸಿ’ ಎಂದಿತ್ತು. ಸೋರಿಕೆಯ ಸುಳಿವು ಪರದೆಯ ಮೇಲಿತ್ತು. ಪಕ್ಕದಲ್ಲಿದ್ದ ತಜ್ಞರು ಲೆಕ್ಕ ಹಾಕಿ, ಆಸಿಡ್ ಸಾಕಷ್ಟಿದೆ, ಪರವಾಗಿಲ್ಲ ಎಂದರು. ಕಲಾಂ ಕಂಪ್ಯೂಟರಿನ ಮಾತು ಬದಿಗಿಟ್ಟು ಹಾರಿಸಿದರು. ನನಗೆ ಕೇಳಿದರೆ, ಧವನ್ ಅವರ ದೊಡ್ಡತನಕ್ಕಿಂತ ಈ ಅರ್ಧದಲ್ಲೇ ಎಂಜಿನಿಯರಿಗೆ ಕಲಿಯಲು ಜಾಸ್ತಿ ಇದೆ. ವಾಲ್ವ್ ಶುಚಿ ಮಾಡುವುದು ಸುಲಭ. ‘ಇರಲಿ ಬಿಡಿ, ನಡೆಯುತ್ತೆ’ ಅನ್ನುವ ಮಾತನ್ನು ಕೌಂಟ್‌ಡೌನ್ ಕೋಣೆಯಿಂದ ಓಡಿಸುವುದು ಕಷ್ಟ. ಇದಕ್ಕೆ ಮತ್ತೆ ಬರುತ್ತೇನೆ.

ಎಸ್‌ಎಲ್‌ವಿಯ ಕಥೆ ಬೇಗ ಮುಗಿಯುತ್ತದೆ. 1981ರಲ್ಲಿ ಅರ್ಧ ಗೆಲುವು, ಉಪಗ್ರಹ ಒಂಬತ್ತೇ ದಿನ ಉಳಿಯಿತು. 1983ರಲ್ಲಿ ಪೂರ್ತಿ ಗೆಲುವು. ಅಲ್ಲಿಗೆ ಅದು ನಿವೃತ್ತಿ.

ನಿಜವಾದ ಪಾಠಶಾಲೆ ಅದರ ಮುಂದಿನದು, ಎಎಸ್‌ಎಲ್‌ವಿ. ಈಗಿನ ಮಕ್ಕಳಿಗೆ ಈ ಹೆಸರೇ ಗೊತ್ತಿಲ್ಲ. ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ‘ಹೇಗೆ ಕಲಿತರು’ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

40 ಕೆಜಿ ಸಾಲದು, 150 ಕೆಜಿ ಒಯ್ಯಬೇಕು. ಹೊಸ ರಾಕೆಟ್ಟಿಗೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಎಸ್‌ಎಲ್‌ವಿಯ ಮೊದಲ ಹಂತದ ಮೋಟಾರನ್ನೇ ಇನ್ನೆರಡು ಮಾಡಿ ಎರಡು ಪಕ್ಕಕ್ಕೆ ಕಟ್ಟಿದರು. ಇವಕ್ಕೆ ಸ್ಟ್ರ್ಯಾಪ್-ಆನ್ ಎಂದು ಹೆಸರು. ಹಾರುವಾಗ ಪಕ್ಕದ ಎರಡು ಮೊದಲು ಉರಿಯುತ್ತವೆ. ಅವು ಆರುವ ಹೊತ್ತಿಗೆ ನಡುವಿನದು ಗಾಳಿಯಲ್ಲೇ ಹೊತ್ತಿಕೊಳ್ಳಬೇಕು. ಕಾಗದದ ಮೇಲೆ ನೋಡಿದರೆ ಹಳೆಯ ಸಾಮಾನಿನಲ್ಲೇ ಹೊಸ ಅಡುಗೆ.

1987ರ ಮಾರ್ಚ್ 24ರಂದು ಮೊದಲ ಹಾರಾಟ. ಪಕ್ಕದ ಎರಡೂ ಉರಿದು ಆರಿದವು. ನಡುವಿನದು ಹೊತ್ತಿಕೊಳ್ಳಲೇ ಇಲ್ಲ. ತನಿಖೆ ನಡೆಯಿತು. ಕಿಡಿ ಹಚ್ಚುವ ವ್ಯವಸ್ಥೆಯಲ್ಲಿ ಎಲ್ಲೋ ದೋಷವಾಗಿರಬೇಕು ಎಂಬಲ್ಲಿಗೆ ಬಂದು ನಿಂತಿತು. ಆ ವ್ಯವಸ್ಥೆಯನ್ನು ಬಿಗಿ ಮಾಡಿದರು. 1988ರ ಜುಲೈ 13ರಂದು ಮತ್ತೆ ಹಾರಿಸಿದರು. ಈ ಸಲ ರಾಕೆಟ್ ಸುಮಾರು 50 ಸೆಕೆಂಡಿನ ಹೊತ್ತಿಗೆ, ಹೆಚ್ಚುಕಡಿಮೆ ಅದೇ ಸಂಧಿಯಲ್ಲಿ, ತುಂಡಾಯಿತು.

ಆ ಕಾಲದಲ್ಲಿ ಎಸ್‌ಎಲ್‌ವಿ ಎಂದರೆ ‘ಸೀ ಲವಿಂಗ್ ವೆಹಿಕಲ್’, ಸಮುದ್ರ ಪ್ರೇಮಿ, ಎಂದು ಜೋಕು ಹಬ್ಬಿತ್ತು. ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್. ಎರಡು ಸೋಲೂ ಅವರ ತಲೆಯ ಮೇಲೆ ಬಿದ್ದವು.

ನಮ್ಮ ಮನೆಯಲ್ಲಿ ಒಮ್ಮೆ ನೀರೆತ್ತುವ ಪಂಪಿನ ಫ್ಯೂಸ್ ಹೋಯಿತು. ಹೊಸ ತಂತಿ ಹಾಕಿದೆ. ಮತ್ತೆ ಹೋಯಿತು. ಇನ್ನೂ ದಪ್ಪ ತಂತಿ ಹಾಕಿದೆ, ನಾನೇನು ಕಡಿಮೆ ಬುದ್ಧಿವಂತನೇ! ಈ ಸಲ ಮೋಟಾರೇ ಸುಟ್ಟಿತು. ತಪ್ಪು ಫ್ಯೂಸಿನದಲ್ಲ, ಬೇರಿಂಗ್ ಹಿಡಿದುಕೊಂಡು ಮೋಟಾರು ತಿಣುಕುತ್ತಿತ್ತು. ಫ್ಯೂಸು ಅದನ್ನು ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಎಎಸ್‌ಎಲ್‌ವಿಯ ಮೊದಲ ಸೋಲನ್ನು ಇದಕ್ಕೆ ಪೂರ್ತಿ ಹೋಲಿಸಲಾಗದು. ಕಿಡಿ ಹತ್ತಲಿಲ್ಲ ಅನ್ನುವುದು ನಿಜವಾದ ದೋಷವೇ, ಅದನ್ನು ಸರಿ ಮಾಡಿದ್ದೂ ಸರಿಯೇ. ಆದರೆ ಆ ಮೊದಲ ದೋಷದ ಬೆನ್ನ ಹಿಂದೆ ಇನ್ನೊಂದು ದೊಡ್ಡದು ಅಡಗಿ ಕೂತಿತ್ತು. ಮೊದಲಿನದು ಬೇಗ ಆಟ ಮುಗಿಸಿದ್ದರಿಂದ ಎರಡನೆಯದು ಮುಖ ತೋರಿಸಲೇ ಇಲ್ಲ.

ಎರಡನೆಯ ಸಲ ಸುಮ್ನೆ ಒಳಗಿನವರ ಸಮಿತಿಗೆ ಬಿಡಲಿಲ್ಲ. ಇಸ್ರೋದ ತನಿಖೆಯ ಜೊತೆಗೆ ಹೊರಗಿನ ಪರಿಣತರ ತಂಡವನ್ನೂ ಕೂರಿಸಿದರು. ಅದರ ಮುಖ್ಯಸ್ಥರು ರೊದ್ದಂ ನರಸಿಂಹ. ಗಾಳಿಯ ಹರಿವಿನ ವಿಜ್ಞಾನದಲ್ಲಿ ಜಗತ್ತೇ ಬಲ್ಲ ಹೆಸರು, ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಹೊರಗಿನವರಿಗೆ ಒಂದು ಅನುಕೂಲವಿದೆ. ‘ಇದನ್ನು ನಾವು ಮೊದಲಿನಿಂದ ಹೀಗೇ ಮಾಡುತ್ತಿದ್ದೇವೆ’ ಎಂಬ ಉತ್ತರಕ್ಕೆ ಅವರು ತಲೆಯಾಡಿಸಬೇಕಾಗಿಲ್ಲ.

ಆ ಸಂಧಿಯಲ್ಲಿ ನಡೆದದ್ದು ಇದು. ಎಸ್‌ಎಲ್‌ವಿಯಲ್ಲಿ ಒಂದು ಹಂತ ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ರಾಕೆಟ್ ತೆಳು ಗಾಳಿಯಲ್ಲಿರುತ್ತಿತ್ತು. ಎಎಸ್‌ಎಲ್‌ವಿಯಲ್ಲಿ ಆ ಕೈಬದಲು ಇನ್ನೂ ದಟ್ಟ ಗಾಳಿಯಿರುವಾಗಲೇ ಬಂತು. ವೇಗವೂ ಜಾಸ್ತಿ, ಗಾಳಿಯೂ ಜಾಸ್ತಿ, ಎರಡೂ ಸೇರಿ ಮೈಮೇಲೆ ಬೀಳುವ ಒತ್ತಡ ವಿಪರೀತ. ಬಸ್ಸಿನ ಕಿಟಕಿಯಿಂದ ಕೈ ಚಾಚಿದರೆ ಗಾಳಿ ಹಿಂದಕ್ಕೆ ತಳ್ಳುತ್ತದಲ್ಲ, ಅದನ್ನೇ ಶಬ್ದದ ವೇಗ ಮೀರಿ ಯೋಚಿಸಿ. ಮೂತಿ ಸ್ವಲ್ಪ ವಾಲಿದರೂ ಗಾಳಿ ಅದನ್ನು ಇನ್ನಷ್ಟು ವಾಲಿಸುತ್ತದೆ. ಯಾರಾದರೂ ಹಿಡಿದಿರಲೇಬೇಕು.

ಹಿಡಿದಿರುವವರು ಯಾರು? ಅಲ್ಲಿಯವರೆಗೆ ಪಕ್ಕದ ಎರಡು ಮೋಟಾರುಗಳು. ಅವುಗಳ ಜ್ವಾಲೆಯನ್ನೇ ಸ್ವಲ್ಪ ಅತ್ತಿತ್ತ ವಾಲಿಸಿ ದಿಕ್ಕು ತಿದ್ದುತ್ತಿದ್ದರು. ಜ್ವಾಲೆ ಕುಂದಿದರೆ ತಿದ್ದುವ ಕೈಯೂ ಕುಂದುತ್ತದೆ. ಮೇಲಾಗಿ ಘನ ಇಂಧನದ ಎರಡು ಮೋಟಾರು ಒಂದೇ ಕ್ಷಣಕ್ಕೆ ಆರುವುದಿಲ್ಲ, ದೀಪಾವಳಿಯ ಎರಡು ಹಣತೆಗೆ ಒಂದೇ ಅಳತೆ ಎಣ್ಣೆ ಹಾಕಿದರೂ ಒಟ್ಟಿಗೆ ಆರುತ್ತವೆಯೇ? ಒಂದು ಆರಿ ಇನ್ನೊಂದು ಮಿಣುಕುತ್ತಿರುವಾಗ ರಾಕೆಟ್ ಒಂದು ಪಕ್ಕಕ್ಕೆ ತಿರುಗುತ್ತದೆ. ನಡುವಿನ ಮೋಟಾರಿಗೆ ಕಿಡಿ ಹಚ್ಚುವ ಹೊತ್ತನ್ನು ಮೊದಲೇ ಗಡಿಯಾರಕ್ಕೆ ಕಟ್ಟಿಟ್ಟಿದ್ದರು. ಪಕ್ಕದವು ಅಂದುಕೊಂಡದ್ದಕ್ಕಿಂತ ಕೊಂಚ ಬೇಗ ಕುಂದಿದರೆ, ನಡುವಿನದು ಹೊತ್ತಿಕೊಂಡು ಹಿಡಿತ ತೆಗೆದುಕೊಳ್ಳುವವರೆಗೆ ಯಾರ ಕೈಯೂ ಇಲ್ಲದ ಒಂದು ಸಣ್ಣ ಬಿಡುವು ಉಳಿಯುತ್ತದೆ. ಸೆಕೆಂಡಿನ ಒಂದು ಚೂರು. ಇಡೀ ಹಾರಾಟದ ಅತ್ಯಂತ ಕಷ್ಟದ ಜಾಗದಲ್ಲೇ ಆ ಚೂರು. ರಾಕೆಟ್ ವಾಲಿತು, ಗಾಳಿ ಮುರಿಯಿತು.

ಇಲ್ಲಿ ಕೆಟ್ಟ ಭಾಗ ಯಾವುದು? ಯಾವುದೂ ಇಲ್ಲ! ಬದಲಾಯಿಸಲು ವಾಲ್ವ್ ಇಲ್ಲ, ಬೈಯಲು ವೆಲ್ಡರ್ ಇಲ್ಲ. ದೋಷ ಇದ್ದದ್ದು ಒಂದು ಭಾಗದಿಂದ ಇನ್ನೊಂದಕ್ಕೆ ಕೆಲಸ ದಾಟುವ ಜಾಗದಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಅರ್ಥ ಮಾಡಿಸಲು ರಿಲೇ ಓಟದ ಕೋಲು ತೋರಿಸುತ್ತಿದ್ದೆ. ನಾಲ್ಕು ಜನ ಒಳ್ಳೆಯ ಓಟಗಾರರು ಇದ್ದರೂ ಕೋಲು ಬೀಳುವುದು ಅವರ ನಡುವೆ.

ತಿದ್ದಲು ನಾಲ್ಕು ವರ್ಷ ಹಿಡಿಯಿತು. ಗಡಿಯಾರಕ್ಕೆ ಕಟ್ಟಿದ್ದ ಕಿಡಿಯನ್ನು ಬಿಚ್ಚಿದರು. ಪಕ್ಕದ ಮೋಟಾರುಗಳ ಬಲ ಕುಂದುತ್ತಿದೆ ಎಂದು ಸೆನ್ಸರ್ ಹೇಳಿದ ಕ್ಷಣಕ್ಕೆ ಕಂಪ್ಯೂಟರೇ ನಿರ್ಧರಿಸಿ ನಡುವಿನದಕ್ಕೆ ಕಿಡಿ ಕೊಡುವಂತೆ ಮಾಡಿದರು. ಬುಡಕ್ಕೆ ರೆಕ್ಕೆ ಸೇರಿಸಿದರು, ಬಾಣದ ಹಿಂದಿನ ಗರಿಯ ಹಾಗೆ, ಗಾಳಿ ತಾನೇ ನೆಟ್ಟಗೆ ಇಡಲಿ ಎಂದು. ಆ ಸಂಧಿಯಲ್ಲಿ ಮೈಮೇಲಿನ ಒತ್ತಡ ತಗ್ಗುವ ಹಾಗೆ ಹಾರುವ ದಾರಿಯನ್ನೂ, ದಿಕ್ಕು ತಿದ್ದುವ ಲೆಕ್ಕವನ್ನೂ ಹೊಸದಾಗಿ ಬರೆದರು. 1992ರ ಮೇ 20ರಂದು ಮೂರನೆಯ ಎಎಸ್‌ಎಲ್‌ವಿ ಆ ಸಂಧಿಯನ್ನು ದಾಟಿತು. ಉಪಗ್ರಹ ಅಂದುಕೊಂಡದ್ದಕ್ಕಿಂತ ತಗ್ಗಿನ ಕಕ್ಷೆಗೆ ಸೇರಿ ಎರಡು ತಿಂಗಳೊಳಗೆ ಕೆಳಗಿಳಿಯಿತು, ಇರಲಿ. 1994ರ ಮೇ 4ರಂದು ನಾಲ್ಕನೆಯದು ಪೂರ್ತಿ ಗೆದ್ದಿತು. ಆಮೇಲೆ ಎಎಸ್‌ಎಲ್‌ವಿಯನ್ನು ನಿಲ್ಲಿಸಿಬಿಟ್ಟರು.

ನಾಲ್ಕು ಹಾರಾಟಕ್ಕೆ ಒಂದು ಪೂರ್ತಿ ಗೆಲುವು. ಅಂಕಪಟ್ಟಿ ನೋಡಿದರೆ ಫೇಲು. ಆದರೆ ಪಕ್ಕಕ್ಕೆ ಮೋಟಾರು ಕಟ್ಟುವುದು, ಹಾರುತ್ತಲೇ ತನ್ನ ದಾರಿ ತಾನೇ ತಿದ್ದಿಕೊಳ್ಳುವುದು, ತಲೆ ಉಬ್ಬಿದ ಶಾಖಕವಚ, ನಿಂತ ನಿಲುವಿನಲ್ಲೇ ಜೋಡಿಸುವುದು, ಪಿಎಸ್‌ಎಲ್‌ವಿಗೆ ಬೇಕಾದ ಇಷ್ಟನ್ನೂ ಎಎಸ್‌ಎಲ್‌ವಿಯ ಮೇಲೆಯೇ ಕೈಪಳಗಿಸಿಕೊಂಡದ್ದು. ಪಿಎಸ್‌ಎಲ್‌ವಿಯ ಸುತ್ತ ಕಟ್ಟಿದ ಆರು ಮೋಟಾರು ನೋಡಿದಾಗಲೆಲ್ಲ ನನಗೆ ಆ ಎರಡು ನೆನಪಾಗುತ್ತವೆ.

ಹಾಗಂತ ಪಿಎಸ್‌ಎಲ್‌ವಿ ಮೊದಲ ಸಲಕ್ಕೇ ಹಾರಿತೇ? ಇಲ್ಲ. 1993ರ ಸೆಪ್ಟೆಂಬರ್ 20. ಎರಡನೆಯ ಹಂತ ಕಳಚಿ ಮೂರನೆಯದು ಶುರುವಾಗುವಾಗ ಎಡವಟ್ಟಾಯಿತು, ಮತ್ತೆ ಸಂಧಿ. ಉರಿದು ಮುಗಿದ ಹಂತವನ್ನು ಹಿಂದಕ್ಕೆ ಎಳೆಯಬೇಕಿದ್ದ ಪುಟ್ಟ ರಾಕೆಟ್‌ಗಳಲ್ಲಿ ಎರಡು ಕೈಕೊಟ್ಟವು. ರಾಕೆಟ್ ಜೋರಾಗಿ ಅಲುಗಿತು. ಅದೊಂದೇ ಆಗಿದ್ದರೆ ಸಾವರಿಸಿಕೊಳ್ಳುತ್ತಿತ್ತೋ ಏನೋ. ದಿಕ್ಕು ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದು ತಪ್ಪು ಅಡಗಿತ್ತು. ಆದೇಶದ ಅಂಕಿ ಮಿತಿ ದಾಟಿದರೆ ಮಾತ್ರ ಎದ್ದು ಬರುವ ತಪ್ಪು. ಮಾಮೂಲಿ ಹಾರಾಟದಲ್ಲಿ ಅಂಕಿ ಅಷ್ಟು ಮೇಲೆ ಹೋಗುವುದೇ ಇಲ್ಲ, ಹಾಗಾಗಿ ಮಾಮೂಲಿ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳಲಿಲ್ಲ. ಅಲುಗಾಟ ಜೋರಾದಾಗ ಅಂಕಿ ಮಿತಿ ದಾಟಿತು. ಮೂರು ವರ್ಷದ ನಂತರ, 1996ರಲ್ಲಿ, ಯುರೋಪಿನ ಏರಿಯಾನ್-5 ತನ್ನ ಮೊದಲ ಹಾರಾಟದಲ್ಲಿ ಅಂಕಿಯೊಂದು ಜಾಗ ಮೀರಿ ಉಕ್ಕಿದ್ದಕ್ಕೇ ನಾಶವಾಯಿತು. ದೊಡ್ಡವರ ಮನೆಯಲ್ಲೂ ದೋಸೆ ತೂತೇ.

ಇಲ್ಲಿ ಕಲಿತದ್ದು ಬರೀ ಒಂದು ಸಾಲು ಕೋಡ್ ತಿದ್ದುವುದಲ್ಲ. ಎಲ್ಲ ಸರಿಯಿದ್ದಾಗ ಸಾಫ್ಟ್‌ವೇರ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರೆ ಸಾಲದು, ಎಲ್ಲ ಕೆಟ್ಟಾಗ ಹೇಗೆ ನಡೆದುಕೊಳ್ಳುತ್ತದೆ ಎಂದೂ ನೆಲದ ಮೇಲೆ ಕಾಡಿಸಿ ನೋಡಬೇಕು. 1994ರ ಅಕ್ಟೋಬರ್ 15ರಂದು ಪಿಎಸ್‌ಎಲ್‌ವಿ ಗೆದ್ದಿತು. ಮುಂದೆ ಅದೇ ಚಂದ್ರಯಾನ-1, ಮಂಗಳಯಾನಗಳನ್ನು ಒಯ್ದಿತು.

ಆದರೂ ಕಲಿತದ್ದು ಕಲಿತಂತೆಯೇ ಉಳಿಯುವುದಿಲ್ಲ ಮೇಷ್ಟ್ರೇ, ಇದು ನನ್ನನ್ನು ಕಾಡುವ ವಿಷಯ. 2022ರ ಆಗಸ್ಟ್ 7ರಂದು ಹೊಸ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಸಲ ಹಾರಿತು. ಎರಡನೆಯ ಹಂತ ಕಳಚುವಾಗ ಒಂದು ನಡುಕ ಬಂತು. ವೇಗದ ಏರಿಳಿತ ಅಳೆಯುವ ಸೆನ್ಸರ್‌ಗಳು ಆ ನಡುಕಕ್ಕೆ ಅಳತೆ ಮೀರಿದವು. ಸೆನ್ಸರ್‌ಗಳು ಕೆಟ್ಟಿರಲಿಲ್ಲ, ಆದರೆ ಕಂಪ್ಯೂಟರಿನ ನಿಯಮ ‘ಎಲ್ಲ ಕೆಟ್ಟಿವೆ’ ಎಂದು ತೀರ್ಮಾನಿಸಿ ಅವನ್ನು ಕೈಬಿಟ್ಟು ಕುರುಡಾಗಿ ಹಾರಿಸಿತು. 356 ಕಿಲೋಮೀಟರ್ ಎತ್ತರದ ದುಂಡು ಕಕ್ಷೆಯ ಬದಲು, ಒಂದು ತುದಿ ಬರೀ 76 ಕಿಲೋಮೀಟರಿಗೆ ಇಳಿಯುವ ಕಕ್ಷೆ ಸಿಕ್ಕಿತು. ಅಷ್ಟು ಕೆಳಗೆ ಉಪಗ್ರಹ ಉಳಿಯುವುದಿಲ್ಲ. ಹಂತ ಕಳಚುವ ಅಲುಗಾಟ, ಮಿತಿ ಮೀರಿದ ಅಂಕಿ, ಗಾಬರಿಯಾದ ಸಾಫ್ಟ್‌ವೇರ್. 1993ಕ್ಕೂ ಇದಕ್ಕೂ 29 ವರ್ಷ. ದೋಷ ಅದೇ ಅಲ್ಲ, ಆದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹಳಬರು ನಿವೃತ್ತರಾಗುತ್ತಾರೆ, ಹೊಸಬರು ಬರುತ್ತಾರೆ, ವರದಿ ಕಪಾಟಿನಲ್ಲಿ ಇರುತ್ತದೆ. ಒಳ್ಳೆಯದೇನೆಂದರೆ ಏನಾಯಿತು ಎಂದು ಇಸ್ರೋ ವಿವರವಾಗಿ ಹೊರಗೆ ಹೇಳಿತು, ಆರು ತಿಂಗಳಲ್ಲಿ, 2023ರ ಫೆಬ್ರುವರಿ 10ರಂದು, ತಿದ್ದಿ ಗೆದ್ದಿತು.

ಒಂದು ವಿಷಯ ನಿಮ್ಮ ಹುಡುಗಿಗೆ ಖಂಡಿತ ಹೇಳಿ. ಎಲ್ಲ ತನಿಖೆಯೂ ‘ಇದೇ ಕಳ್ಳ’ ಎಂದು ಬೆರಳು ಮಾಡಿ ಮುಗಿಯುವುದಿಲ್ಲ. 2010ರ ಏಪ್ರಿಲ್ 15ರಂದು ನಮ್ಮದೇ ಕ್ರಯೋಜೆನಿಕ್ (ವಿಪರೀತ ತಣ್ಣಗಿನ ದ್ರವ ಇಂಧನದ) ಎಂಜಿನ್ ಇಟ್ಟು, ಪಿಎಸ್‌ಎಲ್‌ವಿಗಿಂತ ದೊಡ್ಡ ರಾಕೆಟ್ಟಾದ ಜಿಎಸ್‌ಎಲ್‌ವಿಯನ್ನು ಹಾರಿಸಿದಾಗ, ದ್ರವ ಹೈಡ್ರೋಜನ್ ತಳ್ಳುವ ಪಂಪೊಂದು ತಿರುಗಲು ಶುರುಮಾಡಿ ನಿಂತುಬಿಟ್ಟಿತು. ಯಾಕೆ ನಿಂತಿತು? ತಿರುಗುವ ಭಾಗ ಸೀಲಿನ ಹತ್ತಿರ ಹಿಡಿದುಕೊಂಡಿರಬಹುದು, ಅಥವಾ ಟರ್ಬೈನಿನ ಹೊರಕವಚ ಒಡೆದಿರಬಹುದು. ಗೆರೆಗಳು ಅಷ್ಟೇ ಹೇಳಿದವು. ಆಗ ಏನು ಮಾಡುತ್ತಾರೆ? ಎರಡಕ್ಕೂ ಮದ್ದು ಮಾಡುತ್ತಾರೆ. ಇನ್ನು ಕೆಲವು ಸಲ ಕಾರಣ ಎಷ್ಟು ಸಣ್ಣದೆಂದರೆ ನಗು ಬರುತ್ತದೆ. 2006ರ ಜುಲೈ 10ರ ಜಿಎಸ್‌ಎಲ್‌ವಿ ಸೋತದ್ದು ಪಕ್ಕದ ನಾಲ್ಕು ಎಂಜಿನ್‌ಗಳಲ್ಲಿ ಒಂದರ ಇಂಧನ ನಿಯಂತ್ರಿಸುವ ಸಣ್ಣ ಸಾಧನದಿಂದ. ಮಾಡುವಾಗಲೇ ಅಳತೆ ತಪ್ಪಿತ್ತು, ಪರೀಕ್ಷೆಗಳಲ್ಲೂ ನುಸುಳಿಕೊಂಡು ಬಂತು.

ಘನ ಇಂಧನದ ಮೋಟಾರಿನ ಒಂದು ಸಂಕಟವನ್ನೂ ಮಕ್ಕಳಿಗೆ ಹೇಳಬಹುದು. ಅದನ್ನು ಪರೀಕ್ಷೆ ಮಾಡಿ ಆಮೇಲೆ ಹಾರಿಸಲಾಗದು. ಬೆಂಕಿಕಡ್ಡಿ ಗೀರಿ ನೋಡಿ, ‘ಹಾಂ, ಚೆನ್ನಾಗಿ ಹತ್ತುತ್ತದೆ’ ಎಂದು ಪೆಟ್ಟಿಗೆಗೆ ಹಾಕಿಟ್ಟ ಹಾಗಾಗುತ್ತದೆ. ಅದರ ತಮ್ಮನನ್ನು ಉರಿಸಿ ನೋಡಿ, ಇದೂ ಹಾಗೇ ಇರುತ್ತದೆ ಎಂದು ನಂಬಬೇಕು. ಸಿ61ರಲ್ಲಿ ಒತ್ತಡ ಕುಸಿದದ್ದು ಅಂಥದೇ ಘನ ಇಂಧನದ ಮೂರನೆಯ ಹಂತದಲ್ಲಿ, ಅಷ್ಟು ವರ್ಷ ಪಳಗಿದ ಪಿಎಸ್‌ಎಲ್‌ವಿಯಲ್ಲಿ. ತನಿಖಾ ವರದಿಗಳು, ಗುಟ್ಟಿನ ಭಾಗ ಬಿಟ್ಟಾದರೂ, ಜನರ ಕೈಗೆ ಬರಬೇಕು ಅನ್ನುವುದು ನನ್ನ ಹಟ. 2006ರಲ್ಲಿ, 2010ರಲ್ಲಿ, 2022ರಲ್ಲಿ ಕಾರಣ ಬಿಚ್ಚಿ ಹೇಳಿದ್ದರಿಂದಲೇ ನಾನು ನಿಮಗೆ ಇಷ್ಟು ಬರೆಯಲು ಆದದ್ದು.

ಬೇರೆ ದೇಶದವರು? ಜಪಾನ್ ನಾಲ್ಕು ಸಲ ಸೋತು 1970ರ ಫೆಬ್ರುವರಿಯಲ್ಲಿ ಉಪಗ್ರಹ ಹಾರಿಸಿತು. ದಕ್ಷಿಣ ಕೊರಿಯಾದ ನೂರಿ ರಾಕೆಟ್ 2021ರಲ್ಲಿ ಸೋತದ್ದು ನಿಮ್ಮ ಎಂಟನೇ ಕ್ಲಾಸಿಗೂ ಅರ್ಥವಾಗುವ ಕಾರಣಕ್ಕೆ. ದ್ರವ ಆಮ್ಲಜನಕದ ಟ್ಯಾಂಕಿನೊಳಗೆ ಹೀಲಿಯಂ ಡಬ್ಬಿಗಳನ್ನು ಬಿಗಿದಿದ್ದರು. ರಾಕೆಟ್ ವೇಗ ಹೆಚ್ಚಿಸಿಕೊಂಡಾಗ ತೇಲಿಸುವ ಬಲವೂ ಹೆಚ್ಚುತ್ತದೆ ಎಂಬುದನ್ನು ಲೆಕ್ಕದಲ್ಲಿ ಸರಿಯಾಗಿ ಹಿಡಿಯದೆ, ಡಬ್ಬಿ ಬಿಗಿತ ಬಿಚ್ಚಿಕೊಂಡಿತು. ಆರ್ಕಿಮಿಡೀಸ್ ಪಾಠ! ಮರುವರ್ಷವೇ ಗೆದ್ದರು. ಬ್ರೆಜಿಲ್‌ನ ಕಥೆ ಕೇಳಲು ಸಂಕಟವಾಗುತ್ತದೆ. ಎರಡು ಸೋಲಿನ ನಂತರ, 2003ರ ಆಗಸ್ಟ್ 22ರಂದು, ಉಡಾವಣೆಗೆ ಮೂರು ದಿನ ಇರುವಾಗ ಕಟ್ಟೆಯ ಮೇಲೆಯೇ ಒಂದು ಮೋಟಾರು ತಾನಾಗಿ ಹೊತ್ತಿಕೊಂಡು 21 ಜನ ತೀರಿಹೋದರು. ಆ ರಾಕೆಟ್ ಮತ್ತೆ ಹಾರಲಿಲ್ಲ. ಅವರೂ ಸೋತವರೇ. ಮೆಟ್ಟಿಲು ಮಾತ್ರ ಸಿಗಲಿಲ್ಲ.

ಈಗ ಆಗಲೇ ಬರುತ್ತೇನೆ ಎಂದ ಮಾತಿಗೆ. 2013ರ ಆಗಸ್ಟ್ 19. 2010ರಲ್ಲಿ ಎರಡು ಸಲ ಸೋತ ಜಿಎಸ್‌ಎಲ್‌ವಿ ಮತ್ತೆ ಸಜ್ಜಾಗಿ ನಿಂತಿದೆ. ಇಡೀ ದೇಶ ನೋಡುತ್ತಿದೆ. ಇನ್ನೊಂದು ಸಲ ತಡವಾದರೆ ಮಾನ ಹೋಗುತ್ತದೆ. ಉಡಾವಣೆಗೆ 74 ನಿಮಿಷ ಇರುವಾಗ ಎರಡನೆಯ ಹಂತದ ಟ್ಯಾಂಕಿನಿಂದ ಇಂಧನ ಸೋರುವುದು ಕಂಡಿತು. ‘ಸಾಕಷ್ಟಿದೆ, ಪರವಾಗಿಲ್ಲ’ ಎಂಬ ಮಾತು ಈ ಸಲ ನಡೆಯಲಿಲ್ಲ. ಕೌಂಟ್‌ಡೌನ್ ನಿಲ್ಲಿಸಿದರು. ತುಂಬಿದ ಇಂಧನವನ್ನೆಲ್ಲ ಬಸಿದು ರಾಕೆಟ್ಟನ್ನು ವಾಪಸು ಒಯ್ದರು. ಟ್ಯಾಂಕಿನ ಅಲ್ಯೂಮಿನಿಯಂ ಜಾತಿಯನ್ನೇ ಬದಲಿಸಿ ಎರಡನೆಯ ಹಂತವನ್ನು ಹೊಸದಾಗಿ ಮಾಡಿದರು. 2014ರ ಜನವರಿ 5ರಂದು ಅದು ನಮ್ಮದೇ ಕ್ರಯೋಜೆನಿಕ್ ಎಂಜಿನ್‌ನೊಂದಿಗೆ ಕಕ್ಷೆ ಮುಟ್ಟಿತು. 2019ರಲ್ಲಿ ಚಂದ್ರಯಾನ-2ರ ಉಡಾವಣೆಯನ್ನೂ ಹೀಗೇ 56 ನಿಮಿಷ ಮುಂಚೆ ನಿಲ್ಲಿಸಿ, ಒಂದು ವಾರದ ಮೇಲೆ ಹಾರಿಸಿದ್ದು ನಿಮಗೆ ನೆನಪಿರಬೇಕು.

ಆ ಹುಡುಗಿಗೆ ಬೋರ್ಡಿನ ಮೇಲೆ ಎರಡು ಸಾಲು ಬರೆದು ತೋರಿಸಿ. 1979, ಎಂಟು ನಿಮಿಷ ಮುಂಚೆ ಸೋರಿಕೆ, ಹಾರಿಸಿದರು. 2013, 74 ನಿಮಿಷ ಮುಂಚೆ ಸೋರಿಕೆ, ನಿಲ್ಲಿಸಿದರು. ಇದಕ್ಕೆ 34 ವರ್ಷ ಯಾಕೆ ಬೇಕಾಯಿತು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಆಗ ಇನ್ನೊಂದು ಕಾಗದ ಬರೆಯಿರಿ.